ಹಳೇ ಪಗಾರ

ಬೇಳೆ ಗಿರಣಿಯ ಮುಷ್ಕರ ಗೆದ್ದ ಮರುದಿನ ನೀಲವ್ವ ಒಬ್ಬಳೇ ಮಾಲೀಕನ ಕೋಣೆಗೆ ಬಂದಳು. ವಾರಗಟ್ಟಲೆ ಗೇಟಿನ ಮುಂದೆ ಕುಳಿತು ಘೋಷಣೆ ಕೂಗಿದವರಲ್ಲಿ ಅವಳೂ ಒಬ್ಬಳು. ಹೊರಗೆ ಉಳಿದ ಹೆಂಗಸರು ಇನ್ನೂ ಗುಲಾಲು ಎರಚಿಕೊಂಡು ಕುಣಿಯುತ್ತಿದ್ದರು.

"ಪಗಾರ ಹೆಚ್ಚಾತಲ್ಲ, ಇನ್ನ ನನ್ನ ಕುರ್ಚಿನೂ ಬೇಕೇನು?" ಮಾಲೀಕ ತಲೆಯೆತ್ತದೆ ಕೇಳಿದ.

"ನನಗ ಹಳೇ ಪಗಾರನ ಕೊಡ್ರಿ, ಸಾವಕಾರ್ರ."

ಅವನು ಪೆನ್ನು ಕೆಳಗಿಟ್ಟು ಅವಳನ್ನು ದಿಟ್ಟಿಸಿದ.

"ಹೊಸ ಪಗಾರ ಬಂದ್ರ ನಮ್ಮ ಬಿಪಿಎಲ್ ಕಾರ್ಡ್ ರದ್ದಾಗ್ತೈತ್ರಿ. ಮನಿಯಾಗ ಕಿಡ್ನಿ ಹೋದವ್ರು ಅದಾರ. ಆ ಕಾರ್ಡಿನ ಮ್ಯಾಲ ಡಯಾಲಿಸಿಸ್ ಪುಕ್ಕಟೆ ನಡದೈತಿ."

ಮಾಲೀಕ ಗಹಗಹಿಸಿ ನಕ್ಕ. "ನಾ ರಕ್ತ ಹೀರಾಂವ ಅಂತ ಕೂಗಿದ್ರಿ. ಈಗ ನೋಡು, ನಾ ಕೊಡ್ತೀನಂದ್ರೂ ನಿಮ್ಮ ಸರಕಾರ ಬಡವರಾಗೇ ಇರ್ರಿ ಅಂತೈತಿ."

ನೀಲವ್ವ ಅವಡುಗಚ್ಚಿದಳು. "ನೀವು ಹೆಚ್ಚಿಗಿ ಕೊಟ್ಟಿದ್ದು ಖಾಸಗಿ ದವಾಖಾನಿಯ ಒಂದು ವಾರಕ್ಕೂ ಸಾಲಂಗಿಲ್ಲ. ನಗಬ್ಯಾಡ್ರಿ, ಬರಕೊಳ್ರಿ."

ಅವನ ನಗು ನಿಂತಿತು. ಒಂದು ಹಾಳೆಯ ಮೇಲೆ ಗೀಚಿ ಅವಳತ್ತ ಎಸೆದ. ಹೆಚ್ಚಿದ ಪಗಾರ ತನಗೆ ಬೇಡವೆಂದು ಅದರಲ್ಲಿತ್ತು. ಅವಳು ಬಗ್ಗಿ ಸಹಿ ಮಾಡಿದಳು.

"ಇದನ್ನ ಗೇಟಿಗೆ ಅಂಟಸ್ತೀನಿ. ನಿಮ್ಮ ಲೀಡರ್ ಕೊಟ್ರೇಶ ಓದಲಿ. ಎಲ್ಲಾರ ಮುಂದ ನಿನ್ನ ದ್ರೋಹಿ ಅಂತಾನ."

"ಅನ್ಲಿ ಬಿಡ್ರಿ," ಎಂದಳು ನೀಲವ್ವ, ಬಾಗಿಲ ಬಳಿ ನಿಂತು. "ಹಂಗ ಅನ್ನಾಕರ ನನ್ನ ಗಂಡ ಬದುಕಿರ್ಲಿ."