ಕಿವಿಯಕ್ಕನ ಪರೀಕ್ಷೆ

“ಗುರುವಾರ ಎಲ್ಲರಿಗೂ ಕಿವಿ ಪರೀಕ್ಷೆ ಅಂತೆ,” ನೋಟೀಸು ಅಂಟಿಸುತ್ತಲೇ ಮೇಲ್ವಿಚಾರಕರು ಹೇಳಿದರು. “ಹೊಸ ಯಜಮಾನರ ಹುಕುಂ. ಕಿವಿಯಕ್ಕ, ನಿಮಗೇನು ಬಿಡಿ, ನೀವೇ ಅವರಿಗೆ ಪರೀಕ್ಷೆ ಮಾಡಬಹುದು!”

ಚೆಕಿಂಗ್ ರೂಮಿನ ಐದೂ ಮೇಜುಗಳಿಂದ ನಗು ಎದ್ದಿತು. ಕಿವಿಯಕ್ಕನೂ ನಕ್ಕಳು. ಕೈಯಲ್ಲಿದ್ದ ಹೆಡ್‌ಫೋನು ಮಾತ್ರ ಬೆವರಿಗೆ ಜಾರಿ ಮೇಜಿನ ಮೇಲೆ ಬಿತ್ತು.

ಹೆಡ್‌ಫೋನು ತಯಾರಿಸುತ್ತ, ಜೊತೆಗೆ ಮೊಬೈಲಿನಲ್ಲಿ ಹಾಡು ಕೇಳಿಸುವ ಆ್ಯಪನ್ನೂ ನಡೆಸುತ್ತಿದ್ದ ಅವರ ಕಂಪನಿಯನ್ನು ದೈತ್ಯ ಕಂಪನಿಯೊಂದು ಕೊಂಡುಕೊಂಡು ಹದಿನೈದು ದಿನವಾಗಿತ್ತು. ಹೊಸಬರ ಕಣ್ಣಿರುವುದು ಹಾಡಿನ ಆ್ಯಪಿನ ಮೇಲೆ, ಹೆಡ್‌ಫೋನಿನವರಿಗೆಲ್ಲ ಗೇಟು ತೋರಿಸುತ್ತಾರೆ ಎಂದು ಕ್ಯಾಂಟೀನಿನಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಪೆಟ್ಟಿಗೆ ಸೇರುವ ಮುನ್ನ ಪ್ರತಿ ಹೆಡ್‌ಫೋನನ್ನೂ ಹಾಕಿಕೊಂಡು, ಎರಡೂ ಕಡೆ ದನಿ ಸಮನಾಗಿದೆಯೇ, ಎಲ್ಲಾದರೂ ಗೊರಗುಟ್ಟುತ್ತದೆಯೇ ಎಂದು ಕೇಳಿ ನೋಡುವುದು ಚೆಕಿಂಗ್ ರೂಮಿನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಮೇಜಿನಲ್ಲಿ ಕೂತವಳಿಗೆ ಸಣ್ಣ ಸದ್ದನ್ನೂ ಬಿಡದ ಖ್ಯಾತಿ. ಕಿವಿಯಕ್ಕ ಎಂಬ ಹೆಸರು ಬಿದ್ದದ್ದೇ ಹಾಗೆ.

ಆ ಕಿವಿಯಕ್ಕನಿಗೆ ಎಡಗಿವಿ ಕೇಳಿಸದೆ ಎಂಟು ತಿಂಗಳಾಗಿತ್ತು. ಒಂದು ಜ್ವರ ಬಂದು ಮೂರು ದಿನ ಇದ್ದು ಹೋಯಿತು. ಹೋಗುವಾಗ ಆ ಕಿವಿಯನ್ನೂ ಕರೆದುಕೊಂಡು ಹೋಯಿತು. ಇನ್ನದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಗಂಡನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಒಬ್ಬರ ಬಾಯಿಂದ ಹೊರಬಿದ್ದ ಮಾತು ಕಾರ್ಖಾನೆ ಮುಟ್ಟಲು ಎಷ್ಟು ಹೊತ್ತು? ಅಂದಿನಿಂದ ಹೆಡ್‌ಫೋನಿನ ಬಲಭಾಗವನ್ನು ಮೊದಲು ಕೇಳುವಳು. ಆಮೇಲೆ ಕೂದಲು ಸರಿಮಾಡಿಕೊಳ್ಳುವವಳಂತೆ ತೆಗೆದು, ತಿರುಗಿಸಿ ಹಾಕಿಕೊಂಡು, ಎಡಭಾಗವನ್ನೂ ಅದೇ ಬಲಗಿವಿಯಲ್ಲಿ ಕೇಳುವಳು.

ಗುರುವಾರ ಬಂದೇ ಬಂತು. ಗಾಜಿನ ಕೋಣೆಯಲ್ಲಿ ದೈತ್ಯ ಕಂಪನಿಯ ಇಂಜಿನಿಯರ್ ಕೂತಿದ್ದಳು. ಇನ್ನೂ ಮೂವತ್ತು ದಾಟದ ಹೆಂಗಸು. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು, ಅಷ್ಟೇ ಪರೀಕ್ಷೆ ಎಂದು ಮೊದಲು ಹೋಗಿ ಬಂದವರು ಹೇಳಿದ್ದರು. ಎಡಗಿವಿಯ ಸರದಿ ಬಂದಾಗ ಅಂದಾಜಿನ ಮೇಲೆ ಒತ್ತಿಬಿಡುವುದೆಂದು ಕಿವಿಯಕ್ಕ ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳು. ಆದರೆ ಇಂಜಿನಿಯರ್ ಯಂತ್ರದ ತಂಟೆಗೇ ಹೋಗಲಿಲ್ಲ.

“ಕೂತ್ಕೊಳ್ಳಿ. ಮೊದಲು ಒಂದು ವಿಷಯ ಕೇಳಬೇಕಿತ್ತು. ಎಂಟು ತಿಂಗಳಿಂದ ನಿಮ್ಮ ಮೇಜಿನ ಕೆಲಸ ನಿಧಾನ ಆಗಿದೆ. ಬೇರೆಯವರು ಎರಡು ನೋಡೋ ಹೊತ್ತಿಗೆ ನೀವು ಒಂದು ನೋಡ್ತೀರಿ. ಯಾಕೆ?”

ಬೆನ್ನುನೋವು, ವಯಸ್ಸು, ಹೊಸ ಕನ್ನಡಕ ಎಂದು ಮೂರು ಉತ್ತರ ಕಟ್ಟಿಕೊಂಡು ಬಂದಿದ್ದಳು. ಮೂರನ್ನೂ ಬದಿಗಿಟ್ಟಳು.

“ಎಡಗಿವಿ ಕೇಳ್ಸಲ್ಲ ಮೇಡಂ.” ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. “ಒಂಚೂರೂ ಕೇಳ್ಸಲ್ಲ. ಮುಚ್ಚಿಟ್ಟಿದ್ದು ನನ್ನ ತಪ್ಪೇ. ಆದ್ರೆ ಒಂದು ಪೀಸನ್ನೂ ಸರಿಯಾಗಿ ಕೇಳದೆ ಮುಂದಕ್ಕೆ ಬಿಟ್ಟಿಲ್ಲ, ಅದೊಂದು ನಂಬಿ.”

ಇಂಜಿನಿಯರ್ ಪೆನ್ನು ಕೆಳಗಿಟ್ಟಳು. “ಹೇಗೆ ಕೇಳ್ತೀರಿ? ತೋರಿಸಿ.”

ಕಿವಿಯಕ್ಕ ತೋರಿಸಿದಳು. ಹಾಕಿ, ತೆಗೆದು, ತಿರುಗಿಸಿ, ಮತ್ತೆ ಹಾಕಿ. ಈ ಸಲ ಕೂದಲು ಸರಿಮಾಡಿಕೊಳ್ಳುವ ನಾಟಕ ಬೇಕಾಗಲಿಲ್ಲ.

ಇಂಜಿನಿಯರ್ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು. “ಇಲ್ನೋಡಿ. ಒಂದು ಕಡೆ ಜೋರು, ಒಂದು ಕಡೆ ಮೆತ್ತಗೆ ಅಂತ ಗಿರಾಕಿಗಳು ವಾಪಸು ಕಳಿಸಿರೋ ಹೆಡ್‌ಫೋನುಗಳು. ಎಲ್ಲಾ ಮೇಜಿನವೂ ಇವೆ. ನಿಮ್ಮ ಮೇಜಿಂದು ಎಂಟು ತಿಂಗಳಿಂದ ಒಂದೂ ಇಲ್ಲ. ನನಗೆ ತಲೆಕೆಟ್ಟು ಹೋಗಿತ್ತು, ಇದೇನು ಮ್ಯಾಜಿಕ್ಕು ಅಂತ.” ಅವಳು ನಕ್ಕಳು. “ಯಾರ ಎರಡು ಕಿವಿಯೂ ಒಂದೇ ಸಮ ಇರಲ್ಲ ಅಕ್ಕ. ಉಳಿದವರೆಲ್ಲ ಒಂದೊಂದು ಕಡೆಯನ್ನ ಒಂದೊಂದು ಕಿವೀಲಿ ಕೇಳಿ, ಎರಡು ತಕ್ಕಡಿಲಿ ತೂಗ್ತಾ ಇದ್ರು. ನೀವು ಒಂದೇ ತಕ್ಕಡಿಲಿ ತೂಗಿದ್ರಿ.”

“ಹಾಗಾದ್ರೆ... ನನ್ನ ಕೆಲಸ?”

“ಫಾರಮ್ಮಲ್ಲಿ ಎಡಗಿವಿ ಕೇಳಿಸೋದಿಲ್ಲ ಅಂತಲೇ ಬರೀತೀನಿ, ಸುಳ್ಳು ಬರೆಯೋಕಾಗಲ್ಲ. ಕೆಳಗಡೆ ಇನ್ನೊಂದು ಸಾಲು ಬರೀತೀನಿ. ಸೋಮವಾರದಿಂದ ಉಳಿದ ನಾಲ್ಕು ಮೇಜಿಗೂ ನೀವೇ ಇದನ್ನ ಕಲಿಸ್ತೀರಿ ಅಂತ. ಹೆಡ್‌ಫೋನು ಸರಿ ಇಲ್ಲದಿದ್ರೆ ನಾವು ಹಾಡಿನ ಆ್ಯಪು ಕೊಂಡ್ಕೊಂಡು ಏನು ಮಾಡೋಣ?”

ಕಿವಿಯಕ್ಕ ಎದ್ದು ನಿಂತಳು. ಮತ್ತೆ ಕೂತಳು. ಯಾಕೋ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು. ಇಂಜಿನಿಯರ್ ನೀರಿನ ಬಾಟಲಿ ಅವಳ ಮುಂದೆ ಸರಿಸಿದಳು.

“ಮನೇಲಿ ಗೊತ್ತಾ?”

“ಇಲ್ಲ.”

“ಮೊದಲು ಅವರಿಗೆ ಹೇಳಿ. ಪರೀಕ್ಷೆ ಆಮೇಲೆ ಮಾಡೋಣ.”

ಹೊರಗಿನ ಮೆಟ್ಟಿಲ ಮೇಲೆ ಕೂತು ಕಿವಿಯಕ್ಕ ಮಗಳಿಗೆ ಫೋನು ಹಚ್ಚಿದಳು. ಹೇಗೆ ಶುರುಮಾಡುವುದೋ ತಿಳಿಯದೆ ಜ್ವರದಿಂದ ಶುರುಮಾಡಿದಳು. ಡಾಕ್ಟರು ಹೇಳಿದ್ದು, ತಾನು ಮುಚ್ಚಿಟ್ಟಿದ್ದು, ಈಗ ತಾನೇ ಗಾಜಿನ ಕೋಣೆಯಲ್ಲಿ ನಡೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. “ಅಪ್ಪಂಗೆ ನೀನೇ ನಿಧಾನವಾಗಿ ಹೇಳೇ, ಗಾಬರಿ ಆಗ್ತಾರೆ.”

ಆ ಕಡೆಯಿಂದ ಮಗಳ ದನಿ ಕೇಳಿಸಿತು.

“ಅಮ್ಮ, ಆರು ತಿಂಗಳಿಂದ ಊಟಕ್ಕೆ ಕೂತಾಗೆಲ್ಲ ಅಪ್ಪನೂ ನಾನೂ ನಿನ್ನ ಬಲಗಡೆಗೇ ಯಾಕೆ ಒತ್ತಿಕೊಂಡು ಕೂರ್ತೀವಿ ಅಂದ್ಕೊಂಡಿದ್ದೆ?”