ಬೆಳ್ಳಿಯ ಕಿವಿಯ ಹಿಂದೆ

ತೀರ್ಪುಗಾರ್ತಿ ಡಾಕ್ಟರ್ ಗಂಗಾಂಬಿಕೆಯವರ ಕೈ ಬೆಳ್ಳಿಯ ಬೆನ್ನಿನಿಂದ ಕತ್ತಿನ ಕಡೆಗೆ ಸರಿಯತೊಡಗಿದಂತೆ ಹಗ್ಗದಾಚೆ ನಿಂತಿದ್ದ ಚಿಕ್ಕಲಕ್ಷ್ಮಮ್ಮ ಎಲೆಯಡಿಕೆ ಚೀಲವನ್ನು ಬಿಗಿಯಾಗಿ ಅವುಚಿಕೊಂಡಳು. ಬೆಳ್ಳಿ ಎಂದರೆ ಮೊಮ್ಮಗಳು ಅನುಶ್ರೀ ಸಾಕಿದ ಮೊಲ. ಅಪ್ಪಟ ಬಿಳಿ ತಳಿ, ಕೆಂಪು ಕಣ್ಣು, ಮುಟ್ಟಿದರೆ ಕೊಳೆಯಾದೀತು ಎನ್ನುವಂಥ ಮೈ. ಹಾಸನದ ಮೊಲ ಪ್ರದರ್ಶನಕ್ಕೆಂದು ಅಜ್ಜಿ ಮೊಮ್ಮಗಳು ಮಲ್ಲಿಪಟ್ಟಣದಿಂದ ಮೊದಲ ಬಸ್ಸಿಗೇ ಬಂದಿದ್ದರು, ಬುಟ್ಟಿಯನ್ನು ತೊಡೆಯಿಂದ ಇಳಿಸದೆ.

ಇದೇ ಮೊದಲ ಪ್ರದರ್ಶನ. ಅನುಶ್ರೀಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಮುಂಗಾಲು ಜೋಡಿಸಿಕೊಂಡು ಅಲುಗದೆ ಕೂರುವುದನ್ನು ಬೆಳ್ಳಿಗೆ ಕಲಿಸಿದ್ದಳು. ಉಗುರು ಕತ್ತರಿಸಿ, ಒದ್ದೆ ಕೈಯಲ್ಲಿ ಸವರಿ ಉದುರುಗೂದಲು ತೆಗೆದು ಮಾಡಿದ ಉಪಚಾರವೇನು, ಮದುವೆ ಹೆಣ್ಣಿಗೂ ಯಾರೂ ಅಷ್ಟು ಮಾಡುವುದಿಲ್ಲ! ಮಾಡದೆ ವಿಧಿಯೂ ಇರಲಿಲ್ಲ. ಅಪ್ಪ ಕುಮಾರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಜಾತಿ ಮೊಲ, ಜಾತಿ ಮೊಲ ಅಂತ ಕುಣೀತಿದ್ದೀಯಲ್ಲ, ಅಲ್ಲಿ ಒಪ್ಕೊಂಡ್ರೆ ಸರಿ. ಇಲ್ದಿದ್ರೆ ಅದನ್ನ ಯಾರ್ಗಾದ್ರೂ ಕೊಟ್ಬುಟ್ಟು ಆ ಜಾಗದಲ್ಲಿ ಕರು ಕಟ್ತೀನಿ."

ಬಸ್ಸಿನಲ್ಲಿ ಕಂಡಕ್ಟರಿನಿಂದ ಹಿಡಿದು ಎಲ್ಲರೂ "ಅಬ್ಬಾ, ಎಷ್ಟು ಬೆಳ್ಳಗೈತೆ!" ಎಂದು ಬುಟ್ಟಿಗೆ ಇಣುಕಿದ್ದೇ ಇಣುಕಿದ್ದು. ಅಜ್ಜಿಗೆ ತಡೆಯಲಾಗಲಿಲ್ಲ. ಹಾಸನದಲ್ಲಿ ಇಳಿದು ಅನುಶ್ರೀ ನೀರು ತರಲು ಹೋದ ಹೊತ್ತಿಗೆ, ಎಲೆಯಡಿಕೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಬೆಳ್ಳಿಯ ಕಿವಿಯ ಹಿಂದೆ ದೃಷ್ಟಿಬೊಟ್ಟು ಇಟ್ಟುಬಿಟ್ಟಳು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಟ್ಟು ಪಳಗಿದ ಕೈ ಅದು. ಬಿಳಿ ಮೊಲದ ಮೈಮೇಲೆ ಒಂದೇ ಒಂದು ಕಪ್ಪು ಮಚ್ಚೆ ಕಂಡರೂ ತಳಿ ಶುದ್ಧವಲ್ಲವೆಂದು ಹೊರಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಾದದ್ದು ಆಮೇಲೆ, ಪಕ್ಕದವರ ಮೊಲಕ್ಕೆ ಹಾಗಾದಾಗ. ಅಷ್ಟರಲ್ಲಿ ಬೆಳ್ಳಿ ತೀರ್ಪಿನ ಮೇಜು ಹತ್ತಿಯಾಗಿತ್ತು.

ಗಂಗಾಂಬಿಕೆ ಹಲ್ಲು ನೋಡಿದರು, ಕಾಲು ನೋಡಿದರು, ಬೆನ್ನ ಮೇಲೆ ಉಫ್ ಎಂದು ಊದಿ ಕೂದಲಿನ ಬುಡ ನೋಡಿದರು. "ಚೆನ್ನಾಗಿ ಸಾಕಿದ್ದೀಯಮ್ಮ" ಎಂದಾಗ ಅನುಶ್ರೀಯ ಮುಖ ಇಷ್ಟಗಲ ಅರಳಿತು. ಆಮೇಲೆ ಅವರು ಕಿವಿ ಮಡಚಿದರು. ಕೈ ಅಲ್ಲೇ ನಿಂತಿತು.

"ಇದೇನಮ್ಮ ಕಪ್ಪು?"

"ಬೆಳಿಗ್ಗೆ ಇರ್ಲಿಲ್ಲ ಮೇಡಂ! ನಿಜವಾಗ್ಲೂ ಇರ್ಲಿಲ್ಲ!"

ಒದ್ದೆ ಹತ್ತಿಯಿಂದ ಉಜ್ಜಿದರು. ಹತ್ತಿ ಕಪ್ಪಾಯಿತು. ಗಂಗಾಂಬಿಕೆಯವರ ದನಿ ಗಡುಸಾಯಿತು. "ಬಣ್ಣ ಬಳಿದಿದ್ದೀಯ! ಮಚ್ಚೆ ಇದ್ರೆ ಇವತ್ತಿಗೆ ಮಾತ್ರ ಹೊರಗೆ. ಬಣ್ಣ ಬಳಿದ್ರೆ ಇನ್ಯಾವತ್ತೂ ಒಳಗೆ ಬಿಡಲ್ಲ. ಯಾವ ಕಲೆ ಮುಚ್ಚೋಕೆ ಹಚ್ಚಿದೆ, ಹೇಳು."

ಅನುಶ್ರೀಯ ಕಣ್ಣಲ್ಲಿ ನೀರಾಡಿತು. ಚಿಕ್ಕಲಕ್ಷ್ಮಮ್ಮ ಅಡ್ಡ ಕಟ್ಟಿದ ಹಗ್ಗವನ್ನು ನುಸುಳಿಕೊಂಡು ಒಳಗೇ ಬಂದುಬಿಟ್ಟಳು. "ಮಗೀನ ಬೈಬ್ಯಾಡಿ ತಾಯಿ, ಅದ್ಕೇನೂ ಗೊತ್ತಿಲ್ಲ. ನಾನು ಇಟ್ಟಿದ್ದು ಕಣವ್ವಾ, ದೃಷ್ಟಿ ಆಗ್ದಿರ್ಲಿ ಅಂತ. ಕಲೆ ಮುಚ್ಚಕ್ಕಲ್ಲ. ಎಷ್ಟು ಹುಡುಕುದ್ರೂ ಒಂದು ಕಲೆ ಇಲ್ವಲ್ಲಾ ಅಂತ ಎದ್ರಿಕೊಂಡು ಇಟ್ಟೆ!"

ಸುತ್ತ ನಿಂತವರು ಗೊಳ್ಳೆಂದರು. "ಅಯ್ಯೋ ಅಜ್ಜೀ..." ಎಂದು ಅನುಶ್ರೀ ಮುಖ ಮುಚ್ಚಿಕೊಂಡಳು. ಗಂಗಾಂಬಿಕೆ ಮಾತ್ರ ನಗಲಿಲ್ಲ. ಇನ್ನೊಂದು ಹತ್ತಿ ತೆಗೆದುಕೊಂಡು ಸಾವಕಾಶವಾಗಿ ಒರೆಸಿದರು, ಮೊಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂದಲು ಬಿಡಿಸಿ ಬಿಡಿಸಿ ನೋಡಿದರು. ಬುಡದವರೆಗೂ ಬಿಳಿ. "ಹಗ್ಗದಾಚೆ ನಿಂತ್ಕೊಳ್ಳಿ ಅಜ್ಜಿ" ಎಂದಷ್ಟೇ ಹೇಳಿ ಮುಂದಿನ ಮೊಲಕ್ಕೆ ಹೋದರು. ಆಮೇಲೆ ಅಜ್ಜಿ ಎಲೆಯಡಿಕೆ ಹಾಕುವುದನ್ನೂ ಮರೆತು ನಿಂತಳು. ಮೊಮ್ಮಗಳು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಮೈಕಿನಲ್ಲಿ ಕೂಗಿದರು: ಹೊಸಬರ ವಿಭಾಗದಲ್ಲಿ ಮೊದಲ ಬಹುಮಾನ, ಮಲ್ಲಿಪಟ್ಟಣದ ಅನುಶ್ರೀ! ಹುಡುಗಿ ಕಿಟಾರನೆ ಕಿರುಚಿ, ಅಜ್ಜಿಯನ್ನು ತಬ್ಬಿ, ತಬ್ಬಿಕೊಂಡೇ ಫೋನು ಹಚ್ಚಿದಳು. "ಅಪ್ಪಾ, ಕರೂನ ಬೇರೆ ಕಡೆ ಕಟ್ಟು!"

ಜನ ಮೊಬೈಲು ಹಿಡಿದು ಬೆಳ್ಳಿಯನ್ನು ಮುತ್ತಿಕೊಂಡರು. ಅಯ್ಯೋ, ಎಷ್ಟೊಂದು ಕಣ್ಣು! ಚಿಕ್ಕಲಕ್ಷ್ಮಮ್ಮನ ಕೈ ತಾನಾಗಿ ಎಲೆಯಡಿಕೆ ಚೀಲಕ್ಕೆ ಹೋಯಿತು. ಹೆದರಿ ಹಿಂದಕ್ಕೆ ಬಂತು. ಅದನ್ನು ಕಂಡ ಗಂಗಾಂಬಿಕೆ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ತೀರ್ಪು ಮುಗೀತಲ್ಲ ಅಜ್ಜಿ. ಇನ್ನು ಇಡಬಹುದು."

ಅಜ್ಜಿ ಡಬ್ಬಿ ತೆರೆದಳು. ಬೆಳ್ಳಿ ಮುಂಗಾಲು ಜೋಡಿಸಿಕೊಂಡು ಕೂತೇ ಇತ್ತು. ಆದರೆ ಕಾಡಿಗೆಯ ಬೆರಳು ಅದನ್ನು ದಾಟಿ ಮುಂದೆ ಹೋಯಿತು. ಅಷ್ಟು ಹೊತ್ತೂ ಕುಣಿಯುತ್ತಿದ್ದ ಅನುಶ್ರೀ, ತನ್ನ ಕಿವಿಯ ಹಿಂದೆ ಅಜ್ಜಿಯ ಬೆರಳು ತಾಗುತ್ತಲೇ, ಬೆಳ್ಳಿಯ ಹಾಗೆಯೇ ಅಲುಗದೆ ನಿಂತಳು.