ಸಿಗಡಿಗಳಿಗೆ ದೀಪ

ಟ್ಯೂಬ್‌ಲೈಟ್ ಹತ್ತುತ್ತಲೇ ಅಟೆಂಡರ್ ಸುಬ್ಬಲಕ್ಷ್ಮಿ ಅದಕ್ಕೆ ಕೈಮುಗಿದರು. "ಆರಿಸ್ರೀ!" ಬಾಗಿಲಲ್ಲಿ ಸಂಶೋಧಕಿ ವಿಭಾ ಚೀರಿದಳು. ದೊಮ್ಮಲೂರಿನ ಆ ಲ್ಯಾಬಿನ ತೊಟ್ಟಿಯಲ್ಲಿದ್ದ ಸಿಗಡಿಗಳನ್ನು ಬಿಸಿಲು ಇಳಿಯದ ಕಡಲಾಳದಿಂದ ಕತ್ತಲಲ್ಲೇ ತಂದಿದ್ದರು. ಜೋರು ಬೆಳಕು ಬಿದ್ದರೆ ಅಂಥ ಆಳದ ಜೀವಿಗಳ ಕಣ್ಣು ಹೋಗಿಬಿಡುತ್ತದೆ. ಅದಕ್ಕೇ ವಿಭಾ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದಳು.

"ಮುಸ್ಸಂಜೆಲಿ ಕೋಣೆ ಕತ್ಲೆ ಇರ್ಬಾರ್ದು ಮೇಡಂ. ದಿನಾ ಹತ್ತು ನಿಮಿಷ ಹಾಕ್ತೀನಿ. ಆಮೇಲೆ ಆರಿಸಿ, ಟೇಪು ಮೊದಲಿನ ಹಾಗೇ ಅಂಟಿಸಿಡ್ತೀನಿ."

"ದಿನಾನಾ?"

"ಅವು ಬಂದಾಗಿಂದ. ಪಾಪ, ಒಂದೂ ಕಣ್ಣು ಮುಚ್ಚಲ್ಲ, ದೀಪಾನೇ ನೋಡ್ತಿರ್ತಾವೆ."

ಸ್ವಿಚ್ಚಿನತ್ತ ಚಾಚಿದ್ದ ವಿಭಾಳ ಕೈ ಅಲ್ಲೇ ನಿಂತಿತು. ಪರೀಕ್ಷೆಯಲ್ಲಿ ಒಂದಕ್ಕೂ ಕಣ್ಣು ಕಾಣದ್ದರಿಂದ, ಈ ಜಾತಿಯ ಸಿಗಡಿ ಹುಟ್ಟುಕುರುಡು ಎಂದು ಅವಳು ಬೆಳಿಗ್ಗೆಯಷ್ಟೇ ವರದಿ ಕಳಿಸಿದ್ದಳು.

"ಮುಚ್ಚೋಕೆ ಅವಕ್ಕೆ ರೆಪ್ಪೆ ಇಲ್ಲ, ಸುಬ್ಬಲಕ್ಷ್ಮಮ್ಮ," ಎಂದಳು.